ನಾಲ್ಕನೇ ಮಗ್ಗದ ಕರಾರು

ಕಥೆ ಹೇಳುವುದು ನನ್ನ ಕೆಲಸವಲ್ಲ. ಕಾಗದ ಬರೆಯುವುದು, ಬರೆದದ್ದಕ್ಕೆ ನಂಬರು ಹಾಕುವುದು, ನಂಬರು ಹಾಕಿದ್ದನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕುವುದು, ಬೀಗ ಹಾಕಿದೆನೋ ಇಲ್ಲವೋ ಎಂದು ಓಣಿಯ ತುದಿಯಿಂದ ತಿರುಗಿ ಬಂದು ನೋಡುವುದು, ಇಷ್ಟೇ ನನಗೆ ಬರುವ ವಿದ್ಯೆ. ಇಂಥವನು ಇಂಥ ವಿಷಯಕ್ಕೆ ಕೈ ಹಾಕಿದ್ದು ಅಧಿಕಪ್ರಸಂಗವೆಂದು ನನಗೂ ಗೊತ್ತಿದೆ, ತಿಳಿದವರು ಮನ್ನಿಸಬೇಕು. ಆದರೆ ಹಳೇ ಹುಬ್ಬಳ್ಳಿಯ ಕಡೆ ಈಗಲೂ ಕೆಲವರು, ಲಕ್ಕಪ್ಪ ಕಾರಕೂನ ದೆವ್ವದ ಪರವಾಗಿ ಅರ್ಜಿ ಬರೆದ ಎಂದು ಹೇಳಿಕೊಂಡು ತಿರುಗುತ್ತಾರೆ. ಅದು ಸುಳ್ಳು. ನಾನು ಅರ್ಜಿ ಬರೆದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

೧೯೬೧ನೇ ಇಸವಿ. ಶಿದ್ದಪ್ಪ ಸಾವಕಾರರ ಕಾರಖಾನೆಯಲ್ಲಿ ಆರು ಕೈಮಗ್ಗಗಳಿದ್ದವು. ಸೀರೆಯ ಮೈ ನೇಯಲು ಯಾರ ಅಪ್ಪಣೆಯೂ ಬೇಡ. ದಡಿಯ ಚಿತ್ತಾರಕ್ಕೆ ಮಾತ್ರ ಮುಂಬಯಿಯ ಒಂದು ಕಂಪನಿಯ ಅಪ್ಪಣೆ ಬೇಕು. ಚಿತ್ತಾರವೆಂದರೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಒಂದು ಮಾಲೆ. ಅದನ್ನು ಮಗ್ಗದ ನೆತ್ತಿಯ ಮೇಲಿನ ಯಂತ್ರಕ್ಕೆ ಏರಿಸಿದರೆ ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಕೆಳಗೆ ಕೂತವನಿಗೆ ನವಿಲು ಬರೆಯಲು ಬಾರದಿದ್ದರೂ ಅರಿವೆಯಲ್ಲಿ ನವಿಲು ಮೂಡುತ್ತದೆ. ಪಟ್ಟಿ ಕಂಪನಿಯದು. ನಮಗೆ ಇದ್ದದ್ದು ಬಳಸುವ ಹಕ್ಕು ಮಾತ್ರ, ಅದೂ ಒಂದು ವರ್ಷದ ಮಟ್ಟಿಗೆ. ಪ್ರತಿ ಅಕ್ಟೋಬರ್ ಮೂವತ್ತೊಂದರೊಳಗೆ ಕರಾರು ಹೊಸದಾಗಬೇಕು.

ಒಂದು ಮಗ್ಗಕ್ಕೆ ಒಂದು ಕರಾರು, ಇಂಗ್ಲಿಷಿನಲ್ಲಿ, ಹನ್ನೊಂದು ಕಲಮು. ಸಾವಕಾರರಿಗೆ ಇಂಗ್ಲಿಷ್ ಬಾರದು. ನನಗೆ ಬರುತ್ತದೆಂದು ಅವರ ನಂಬಿಕೆ. ದುರ್ಗದಬೈಲಿನ ಒಂದು ಅರಿವೆ ಅಂಗಡಿಯ ಅಟ್ಟದ ಮೇಲೆ ನಡೆಯುತ್ತಿದ್ದ ಸಂಜೆ ವರ್ಗದಲ್ಲಿ ನಾನು ಮೂರು ವರ್ಷ ವ್ಯವಹಾರದ ಇಂಗ್ಲಿಷ್ ಕಲಿತಿದ್ದೆ. ನಡುವೆ ಒಮ್ಮೆ ನಪಾಸಾಗಿದ್ದೆ. ಸಾವಕಾರರು ಅದನ್ನು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಆ ಪಾಪ ತೀರಲೆಂದೇ ಇರಬೇಕು, ಹನ್ನೊಂದು ಕಲಮುಗಳನ್ನೂ ಬಾಯಿಪಾಠ ಮಾಡಿದ್ದೆ.

ನಾಲ್ಕನೇ ಕಲಮಿನ ಪ್ರಕಾರ ಒಂದು ಪಟ್ಟಿಮಾಲೆ, ಒಂದು ಮಗ್ಗ, ಒಬ್ಬ ನೇಕಾರ. ಅವನ ಹೆಸರು ಕರಾರಿನಲ್ಲಿರಬೇಕು, ಬೇರೆ ಯಾರೂ ಮುಟ್ಟಬಾರದು. ಏಳನೇ ಕಲಮಿನ ಪ್ರಕಾರ ಆ ನೇಕಾರ ತೀರಿಕೊಂಡರೆ ಕೂಡಲೇ ಕಂಪನಿಗೆ ತಿಳಿಸಿ ಪಟ್ಟಿಮಾಲೆಯನ್ನು ಅರಿವೆಯಲ್ಲಿ ಕಟ್ಟಿ ವಾಪಸು ಕಳಿಸಬೇಕು.

ನಾಲ್ಕನೇ ಮಗ್ಗದ ಕರಾರಿನಲ್ಲಿದ್ದ ಹೆಸರು ಮಹಾದೇವಪ್ಪನದು. ಅವನು ಜೂನ್ ಹದಿನಾಲ್ಕರಂದು ಮೂರು ದಿನದ ಜ್ವರದಲ್ಲಿ ತೀರಿಕೊಂಡ.

ದಿನಕರ್ಮ ಮುಗಿಸಿದ ಮರುದಿನವೇ ಅವನ ಹೆಂಡತಿ ಶೇವಂತೆವ್ವ ಬಂದು ನಾಲ್ಕನೇ ಮಗ್ಗದ ಕುಣಿಯಲ್ಲಿ ಇಳಿದು ಕೂತಳು. ಹದಿನೈದು ವರ್ಷ ಗಂಡನ ಪಕ್ಕದಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತಿದವಳು. ಲಾಳಿ ಎಸೆಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಾರಖಾನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ನಾನು ಅಂದೆ.

“ಸಾವಕಾರ್ರ, ಮುಂಬೈಗೆ ತಿಳಸಬೇಕಾಗೈತ್ರಿ.”

“ಏನಂತ?”

“ಮಾದೇವಪ್ಪಣ್ಣ ತೀರಿಕೊಂಡಾನಂತ.”

ಸಾವಕಾರರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. “ಕರಾರಿನ್ಯಾಗ ಮಾದೇವಪ್ಪನ ಹೆಸರೈತಿ. ಮಗ್ಗದ ಮ್ಯಾಲೆ ಮಾದೇವಪ್ಪನ ಹೇಣ್ತಿ ಅದಾಳ. ನಡುವ ನಿನಗೇನು ತ್ರಾಸು?”

“ಏಳನೇ ಕಲಮು ಐತ್ರಿ.”

“ಏಳು ಓದಬ್ಯಾಡ. ಎಂಟಕ್ಕ ಹೋಗು.”

“ಎಂಟು ಇನ್ನೂ ಕೆಟ್ಟೈತ್ರಿ. ಹೆಸರು ಬದಲು ಮಾಡಬೇಕಂದ್ರ ಹೆಸರಿದ್ದವನಾ ಕಂಪನಿ ಮನಶ್ಯಾನ ಮುಂದ ಬಾಯಿಬಿಟ್ಟು ಕೇಳಬೇಕಂತ.”

ಮಗ್ಗ ರಿಪೇರಿಯ ಗುಲಾಬಸಾಬ ಐದನೇ ಮಗ್ಗದ ಕೆಳಗೆ ಮಲಗಿ ಮೊಳೆ ಬಡಿಯುತ್ತಿದ್ದವನು ಅಲ್ಲಿಂದಲೇ ಕೂಗಿದ. “ಕಾರಕೂನ ಸಾಹೇಬ್ರ, ಹಂಗಾದ್ರ ಮಾದೇವಪ್ಪಗ ಒಂದು ನೋಟೀಸು ಕಳಸ್ರಿ! ಬಂದು ಹೇಳಿ ಹೋಗ್ಲಿ.”

ಎಲ್ಲರೂ ನಕ್ಕರು. ಶೇವಂತೆವ್ವ ಮಾತ್ರ ನಗಲಿಲ್ಲ. ಲಾಳಿ ಕೆಳಗಿಟ್ಟು ನನ್ನನ್ನು ನೋಡಿದಳು.

“ತಮ್ಮಾ, ನಿನ್ನ ಏಳನೇ ಕಲಮಿಗೆ ಹೊಟ್ಟಿ ಐತೇನು? ನನಗೈತಿ. ನನ್ನ ಎರಡು ಹುಡುಗ್ಯಾರಿಗೂ ಐತಿ. ಪಟ್ಟಿ ಒಯ್ದರ ಸಾವಕಾರ್ರು ಮಗ್ಗ ಬಿಚ್ಚಿ ಮೂಲಿಗೆ ನಿಲ್ಲಸ್ತಾರ. ಆಮ್ಯಾಲೆ ನಾ ಏನ ನೇಯಲಿ?”

ಇದಕ್ಕೆ ಉತ್ತರ ಹನ್ನೊಂದು ಕಲಮುಗಳಲ್ಲಿ ಎಲ್ಲಿಯೂ ಇರಲಿಲ್ಲ. ಆದರೂ ನಾನು ಪತ್ರ ಬರೆದೆ. ನಾನು ಅಂಥವನೇ, ಬರೆದರೂ ನಿದ್ದೆ ಬರುತ್ತಿರಲಿಲ್ಲ, ಬರೆಯದಿದ್ದರೂ ಬರುತ್ತಿರಲಿಲ್ಲ. ಮಹಾದೇವಪ್ಪನು ತೀರಿಕೊಂಡನೆಂದೂ, ಅವನ ಹೆಂಡತಿ ಅವನಿಗಿಂತ ಕಡಿಮೆ ನೇಕಾರಳಲ್ಲವೆಂದೂ, ದಯವಿಟ್ಟು ಎಂಟನೇ ಕಲಮನ್ನು ಸಡಿಲಿಸಿ ಅವಳ ಹೆಸರನ್ನು ಸೇರಿಸಬೇಕೆಂದೂ ಬರೆದು, ರಜಿಸ್ಟರ್ ಮಾಡಿ ಕಳಿಸಿದೆ. ನಕಲನ್ನು ತಂತಿಗೆ ಚುಚ್ಚಲು ಹೋದಾಗ ಸಾವಕಾರರು ಕಿತ್ತುಕೊಂಡರು.

“ಹುಚ್ಚೇನು ನಿನಗ? ಸಾವಿನ ಕಾಗದ ಒಳಗಿಡತೀ?”

ಹೊರಗೆ ಹೋಗಿ ನಾಲ್ಕು ಚೂರು ಮಾಡಿ ಗಟಾರಕ್ಕೆ ಒಗೆದು, ಕಾಲು ತೊಳೆದುಕೊಂಡು ಒಳಗೆ ಬಂದರು. ತಪ್ಪು ಅವರದಲ್ಲ. ನಮ್ಮ ಕಡೆ ಸಾವಿನ ಸುದ್ದಿಯ ಕಾಗದವನ್ನು ಹೊಸ್ತಿಲಾಚೆ ನಿಂತು ಓದಿ, ಓದಿದ ಕೂಡಲೇ ಹರಿದು ಒಗೆಯುವುದು ಪದ್ಧತಿ. ಅದು ಒಳಗೆ ಉಳಿದರೆ ಇನ್ನೊಂದನ್ನು ಕರೆಯುತ್ತದೆಂದು ಹಿರಿಯರ ಮಾತು. ಸಂಜೆ ವರ್ಗದಲ್ಲಿ ನಕಲು ಇಡುವುದನ್ನು ಕಲಿಸಿದ್ದರು, ಇದನ್ನು ಕಲಿಸಿರಲಿಲ್ಲ.

ಮೂರು ವಾರಕ್ಕೆ ಉತ್ತರ ಬಂತು. ಲಕೋಟೆಯ ಮೇಲೆ ಸಾವಕಾರರ ಹೆಸರಿರಲಿಲ್ಲ, ನನ್ನ ಹೆಸರೂ ಇರಲಿಲ್ಲ. ‘ಶ್ರೀ ಮಹಾದೇವಪ್ಪ, ಮಗ್ಗ ನಂಬರು ನಾಲ್ಕು’ ಎಂದಿತ್ತು. ಟಪಾಲಿನವನು ಬಾಗಿಲಲ್ಲಿ ನಿಂತು ಕೂಗಿದಾಗ ಆರು ಮಗ್ಗಗಳೂ ಒಂದೇ ಏಟಿಗೆ ನಿಂತವು.

ಎಲ್ಲರ ಮುಂದೆ ನಾನು ಓದಿ ಕನ್ನಡದಲ್ಲಿ ಹೇಳಬೇಕಾಯಿತು. “ಪ್ರಿಯ ಶ್ರೀ ಮಹಾದೇವಪ್ಪನವರೇ, ನಿಮ್ಮ ಪತ್ರ ತಲುಪಿತು. ನೀವು ಆರೋಗ್ಯದಿಂದಿರುವಿರೆಂದು ನಂಬುತ್ತೇವೆ. ಕರಾರು ಹೊಸದು ಮಾಡುವ ಕಾಲ ಹತ್ತಿರ ಬಂದಿದೆ.”

ಮೊದಲು ಮಾತಾಡಿದವಳು ಕಂಡಿಕೆ ಸುತ್ತುವ ಮುದುಕಿ ಉಡಚವ್ವ.

“ಸತ್ತವರು ಎಲ್ಲಿಗೆ ಹೋಗ್ತಾರಂತ ಯಾರ ಕಂಡಾರ? ಮುಂಬೈಗೇ ಹೋಗಿರಬೇಕು. ಈಗೀಗ ಎಲ್ಲಾರೂ ಅಲ್ಲಿಗೇ ಹೋಗ್ತಾರ.”

“ಆಯಿ, ಪತ್ರ ಮುಂಬೈದಿಂದ ಅವಗ ಬಂದೈತಿ. ಅವ ಅಲ್ಲಿದ್ರ ಇಲ್ಲಿಗ್ಯಾಕ ಬರೀತಾರ?” ಎಂದೆ.

“ಹಂಗಾದ್ರ ಇಲ್ಲೇ ಅದಾನು,” ಎಂದು ಅವಳು ಶಾಂತವಾಗಿ ರಾಟೆ ತಿರುವತೊಡಗಿದಳು. ಉಳಿದವರು ನಾಲ್ಕನೇ ಮಗ್ಗದಿಂದ ಸ್ವಲ್ಪ ಸರಿದು ಕೂತರು.

ಗುಲಾಬಸಾಬನಿಗೆ ದುಃಖವೇ ಬೇರೆ. “ಹೋದವಗ ಕಾಗದ ಬಂತು. ಇದ್ದ ನನಗ ನಮ್ಮ ಮಾವ ಹತ್ತು ವರ್ಷದಾಗ ಒಂದು ಕಾರ್ಡು ಹಾಕಿಲ್ಲ.”

ನನ್ನ ಇಂಗ್ಲಿಷಿನಲ್ಲಿಯೇ ಏನೋ ಎಡವಟ್ಟಾಗಿದೆ, ನಪಾಸಾದ ವರ್ಷ ಈಗ ಸೇಡು ತೀರಿಸಿಕೊಳ್ಳುತ್ತಿದೆ ಎಂದುಕೊಂಡೆ. ಎರಡನೇ ಪತ್ರವನ್ನು ಯಾರಿಗೂ ಸಂಶಯ ಬಾರದ ಹಾಗೆ ಬರೆದೆ. ತಲೆಬರಹದಲ್ಲಿ ‘ನೇಕಾರ ಮಹಾದೇವಪ್ಪನ ಮರಣ’ ಎಂದು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಸೆಪ್ಟೆಂಬರಿನಲ್ಲಿ ಅದಕ್ಕೂ ಉತ್ತರ ಬಂತು. “ಪ್ರಿಯ ಶ್ರೀ ಮಹಾದೇವಪ್ಪನವರೇ, ನೀವು ಎರಡು ಸಲ ರಜಿಸ್ಟರ್ ಪತ್ರ ಬರೆದು ತೋರಿಸಿದ ಕಾಳಜಿಗೆ ಸಂತೋಷ. ಒಂಬತ್ತನೇ ಕಲಮಿನಂತೆ ನೀವು ಕಳಿಸಿದ ಮಾದರಿ ತುಂಡನ್ನು ನೋಡಿದೆವು. ಜೂನ್ ತಿಂಗಳ ನಂತರ ನಿಮ್ಮ ಕೈ ಬಹಳ ಸುಧಾರಿಸಿದೆ. ನಮ್ಮ ಪರೀಕ್ಷಕರಾದ ಶ್ರೀ ಪೋತದಾರರು ಅಕ್ಟೋಬರ್ ಹತ್ತನೇ ತಾರೀಖು ಮಂಗಳವಾರ ಖುದ್ದಾಗಿ ಬಂದು ನಿಮ್ಮನ್ನು ಕಂಡು ಹೆಬ್ಬೆಟ್ಟು ಪಡೆಯುವರು.”

“ಸತ್ತ ಮ್ಯಾಲೆ ಕೈ ಸುಧಾರಿಸೈತಿ!” ಎಂದ ಗುಲಾಬಸಾಬ. “ಸಾವಕಾರ್ರ, ಉಳದ ಐದು ಮಂದಿನೂ ಒಮ್ಮೆ ಸಾಯಿಸಿ ನೋಡ್ರಿ.”

ಜೂನ್ ನಂತರದ ತುಂಡು ಶೇವಂತೆವ್ವ ನೇಯ್ದದ್ದು. ಅವಳು ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾದವು.

ಸಾವಕಾರರಿಗೆ ಈಗ ನಗು ಬರಲಿಲ್ಲ. ಪೋತದಾರರು ಬಂದು ಮಹಾದೇವಪ್ಪ ಎಲ್ಲಿ ಎಂದು ಕೇಳಿದರೆ ಮುಗಿಯಿತು. ಪಟ್ಟಿಮಾಲೆಯನ್ನು ಅಂದೇ ಬಿಚ್ಚಿ ಒಯ್ಯುತ್ತಾರೆ. ಅವರು ಗುಲಾಬಸಾಬನನ್ನು ಮೂಲೆಗೆ ಕರೆದರು.

“ಒಂದು ತಾಸು ನೀ ಮಾದೇವಪ್ಪ ಆಗು.”

“ಆಗಬಹುದ್ರಿ. ತಾಸು ಮುಗದ ಮ್ಯಾಲೆ ತಿರುಗಿ ಗುಲಾಬಸಾಬ ಆಗಾಕ ಬರದಿದ್ರ?”

ನಗೆಯಾಡಿದನೆಂದು ನೋಡಿದರೆ ಅವನ ಮುಖ ಬೆಳ್ಳಗಾಗಿತ್ತು. ಸಾವಕಾರರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮಂಗಳವಾರದ ಹಿಂದಿನ ದಿನ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಅಮಾವಾಸ್ಯೆಗೆ ಮಗ್ಗ ಮುಟ್ಟುವಂತಿಲ್ಲ. ಭಾನುವಾರ ಸಂಜೆ ಸಾವಕಾರರು ಕಾರಖಾನೆಗೆ ಬೀಗ ಹಾಕಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡರು. ನಾನು ಓಣಿಯ ತುದಿಯಿಂದ ತಿರುಗಿ ಬಂದು ಬೀಗವನ್ನು ಜಗ್ಗಿ ನೋಡಿದೆ. ಗಟ್ಟಿಯಾಗಿತ್ತು. ಇದನ್ನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ.

ಸೋಮವಾರ ಮಧ್ಯಾಹ್ನ ಶೇವಂತೆವ್ವನ ಮನೆಯಲ್ಲಿ ನಮಗೆಲ್ಲ ಊಟ. ಗಂಡ ಹೋದ ಮೇಲಿನ ಮೊದಲ ಮಹಾಲಯ. ಗೋಡೆಯ ಹತ್ತಿರ ಕಲಶ, ಅದರ ಮುಂದೆ ಹೊಸ ಧೋತರ, ರುಮಾಲು, ತಂಬಾಕಿನ ಚಂಚಿ, ಬಾಳೆಲೆಯ ಮೇಲೆ ಶೇಂಗಾ ಹೋಳಿಗೆ, ಪುಂಡಿಪಲ್ಯ. ಉಡಚವ್ವ ಊದುಬತ್ತಿ ಬೆಳಗಿದಳು. ಶೇವಂತೆವ್ವ ನಿಂತುಕೊಂಡೇ, ಬಾಗಿಲಲ್ಲಿದ್ದವರ ಜೊತೆ ಮಾತಾಡುವ ಹಾಗೆ ಮಾತಾಡಿದಳು.

“ನಾಳೆ ಮುಂಬೈಯವರು ಬರತಾರಂತ. ನನ್ನ ಕೈಲಿ ಆಗಿದ್ದು ನಾ ಮಾಡೇನಿ. ಇನ್ನ ನಿಮ್ಮ ಕೈಲಿ ಆಗೂದು ನೀವು ನೋಡ್ರಿ.”

ನಮ್ಮ ಪದ್ಧತಿಯ ಪ್ರಕಾರ ಎಡೆ ಇಟ್ಟು ಬಾಗಿಲು ಎಳೆದುಕೊಂಡು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗಲೆಂದು. ಕೂತೆವು. ಸಾವಕಾರರು, ಗುಲಾಬಸಾಬ, ಉಡಚವ್ವ, ಶೇವಂತೆವ್ವ, ಅವಳ ಇಬ್ಬರು ಹುಡುಗಿಯರು, ಉಳಿದ ಐವರು ನೇಕಾರರು, ನಾನು. ಆಮೇಲೆ ಪಂಕ್ತಿ ಹಾಕಿದರು. ನಾನು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಓಣಿಯಲ್ಲಿ ಟಾಂಗಾ ನಿಂತಿತು. ಕರಿ ಟೊಪ್ಪಿಗೆಯ, ಕೈಚೀಲ ಹಿಡಿದ ಒಬ್ಬ ಗೃಹಸ್ಥರು ಬಗ್ಗಿ ಒಳಗೆ ನೋಡಿದರು.

“ಲಕ್ಕಪ್ಪ ಕಾರಕೂನರು ಇಲ್ಲೇ ಇದ್ದಾರೇನ್ರಿ? ನಾನು ಪೋತದಾರ. ನಾಳೆ ಬರಬೇಕಾಗಿತ್ತು, ಬೆಳಗಾವಿ ಕೆಲಸ ಲಗೂ ಮುಗೀತು, ಇವತ್ತೇ ಬಂದೆ. ನಿಮ್ಮ ಕಾರಖಾನಿ ಕೆಲಸ ಆತು.”

“ಆತು ಅಂದ್ರ?” ಎಂದರು ಸಾವಕಾರರು. ತುತ್ತು ಕೈಯಲ್ಲೇ ಇತ್ತು.

“ಆತು ಅಂದ್ರ ಆತು. ಮಹಾದೇವಪ್ಪನವರ ಹೆಬ್ಬೆಟ್ಟು ತಗೊಂಡೆ. ಛಲೋ ಮನುಷ್ಯ, ಮಾತು ಕಡಿಮಿ. ಹಬ್ಬದ ದಿನಾನೂ ಒಬ್ಬನ ಕೂತು ಕೆಲಸ ಮಾಡತಿದ್ದ. ನೂಲು ಹರದಿತ್ತು, ಗಂಟು ಹಾಕತಿದ್ದ. ಕಾರಕೂನರು ಎಲ್ಲಿ ಅಂದೆ. ‘ನಮ್ಮ ಮನ್ಯಾಗ ಊಟಕ್ಕ ಕುಂತಾನ, ಹೋಗ್ರಿ’ ಅಂತ ಮನಿ ಗುರ್ತು ಹೇಳಿದ. ಅದಕ್ಕ ಸೀದಾ ಇಲ್ಲಿಗೆ ಬಂದೆ.”

ಉಡಚವ್ವನ ಕೈಯಿಂದ ಸೌಟು ಬಿತ್ತು. ಅದು ಉರುಳಿ ನಿಲ್ಲುವವರೆಗೂ ಎಲ್ಲರೂ ಅದನ್ನೇ ನೋಡಿದೆವು.

ಪೋತದಾರರಿಗೆ ಸಂಕೋಚವಾಯಿತು. ಸಾವಕಾರರಿಗೆ ತಟ್ಟನೆ ಪ್ರಜ್ಞೆ ಬಂದು, ಎದ್ದು ಅವರನ್ನು ಎಳೆದು ಎಲೆಯ ಮುಂದೆ ಕೂರಿಸಿದರು. ನಾನು ಹೇಳತೊಡಗಿದೆ. “ಸಾಹೇಬರ, ನಾನು ನಿಮಗ ಎರಡು ಪತ್ರ...”

“ಹಾಂ, ಆ ಪತ್ರ!” ಎಂದರು ಪೋತದಾರರು. “ಏನು ಬರದಿದ್ರಿ ಅದರಾಗ? ಎರಡೂ ಫೈಲಿನ್ಯಾಗ ಇಲ್ಲ. ನಮ್ಮಲ್ಲಿ ಟಪಾಲು ಒಡಿಯೋ ಅಜ್ಜ ಒಬ್ಬ ಇದ್ದಾನ, ಇದೇ ನಿಮ್ಮ ಉಪ್ಪಿನಬೆಟಗೇರಿ ಕಡೆಯವ. ನಾಕನೇ ಮಗ್ಗದ್ದು ಪತ್ರ ಬಂತು ಅಂತ ಪುಸ್ತಕದಾಗ ಬರದಾನ, ಪತ್ರ ಮಾತ್ರ ಹರದು ಕಿಡಕಿ ಹೊರಗ ಒಗದಾನ. ಕೇಳಿದ್ರ, ‘ಅಂಥಾವು ಒಳಗ ಇಡೂ ಕಾಗದ ಅಲ್ರಿ’ ಅಂತಾನ. ಬೈಗಳ ಬರದಿದ್ರೇನು?”

ಪಂಕ್ತಿಯಲ್ಲಿದ್ದ ಎಲ್ಲರಿಗೂ ಒಂದೇ ಕ್ಷಣಕ್ಕೆ ತಿಳಿಯಿತು, ಪೋತದಾರರೊಬ್ಬರನ್ನು ಬಿಟ್ಟು. ಅಜ್ಜ ಮುಂಬಯಿಗೆ ಹೋದರೂ ಪದ್ಧತಿ ಬಿಟ್ಟಿರಲಿಲ್ಲ. ವಿಷಯ ಬರೆಯದೆ ಮಗ್ಗದ ನಂಬರಷ್ಟೇ ಬರೆದದ್ದರಿಂದ ಪಕ್ಕದ ಮೇಜಿನವರು, ಪತ್ರ ಬರೆದವನು ಆ ಮಗ್ಗದ ಮಹಾದೇವಪ್ಪನೇ ಎಂದುಕೊಂಡಿದ್ದರು.

“ಬೈಗಳಲ್ರಿ ಸಾಹೇಬರ, ಅದರಾಗ ಮಾದೇವಪ್ಪ...”

“ಉಣ್ಣೂ ಮುಂದ ಅಂಥಾ ಮಾತು ಆಡಬಾರದು!” ಎಂದು ಉಡಚವ್ವ ಗದರಿದಳು. ಸಾವಕಾರರು ಪೋತದಾರರ ಎಲೆಗೆ ಒಂದು ಹೋಳಿಗೆ ಹಾಕಿ, ಇನ್ನೊಂದನ್ನು ನನ್ನ ಬಾಯಿಗೇ ತುರುಕಿದರು.

ಪೋತದಾರರು ಸುತ್ತ ನೋಡಿ, “ಮಹಾದೇವಪ್ಪನವರು ಊಟಕ್ಕ ಬರಂಗಿಲ್ಲೇನು?” ಎಂದರು.

ಶೇವಂತೆವ್ವ ಅವರ ಎಲೆಗೆ ತುಪ್ಪ ಬಡಿಸುತ್ತಿದ್ದಳು. ಕೈ ಅಲುಗಲಿಲ್ಲ. “ಅವರದು ಆಗೈತ್ರಿ. ಮೊದಲ ಅವರಿಗೇ ಇಟ್ಟೇನಿ.”

“ಹಾಂ, ಮತ್ತೊಂದು,” ಎಂದು ಪೋತದಾರರು ಚೀಲದಿಂದ ಫಾರ್ಮು ತೆಗೆದರು. “ಅವರು ಒಂದು ಮಾತು ಅಂದ್ರು. ಕರಾರು ಇನ್ನ ಹೆಂಡತಿ ಹೆಸರಿಲೆ ಮಾಡ್ರಿ ಅಂತ. ಎಂಟನೇ ಕಲಮಿನ್ಯಾಗ ಅದಕ್ಕ ಅವಕಾಶ ಅದ. ನಾನೇ ಬರಕೊಂಡೇನಿ, ಅವರು ಅದರ ಕೆಳಗ ಹೆಬ್ಬೆಟ್ಟು ಒತ್ಯಾರ. ಈಗ ಗುರುತು ಬಲ್ಲವರು ಒಬ್ಬರು ಸಾಕ್ಷಿ ಹಾಕಬೇಕು. ಕಾರಕೂನರ, ನೀವು ಹಾಕಿ ಮೂವತ್ತೊಂದರ ಒಳಗ ಕಳಸ್ರಿ. ಸಾಕ್ಷಿ ಇಲ್ಲದ ಬಂದ್ರ ನಡಿಯಂಗಿಲ್ಲ. ಆವಾಗ ಪಟ್ಟಿ ವಾಪಸು ಕಳಸೋದಾ.”

ಪುಣೆಯ ಗಾಡಿಗೆ ಹೊತ್ತಾಯಿತೆಂದು ಅವರು ಟಾಂಗಾ ಹತ್ತಿ ಹೋದರು. ಹೋಗುವಾಗ ಗುಲಾಬಸಾಬನ ಮುಖವನ್ನೂ, ಉಳಿದ ಐವರು ನೇಕಾರರ ಮುಖಗಳನ್ನೂ ಚೆನ್ನಾಗಿ ನೋಡಿ ನಮಸ್ಕಾರ ಮಾಡಿದರು. ಯಾರನ್ನೂ ಗುರುತು ಹಿಡಿಯಲಿಲ್ಲ. ಇದನ್ನು ನಾನು ಬೇಕೆಂದೇ ಗಮನಿಸಿದೆ.

ಎಲ್ಲರೂ ಕೈ ತೊಳೆಯದೆಯೇ ಕಾರಖಾನೆಗೆ ಹೋದೆವು. ಬೀಗ ಹಾಕಿದ ಹಾಗೆಯೇ ಇತ್ತು. ಸಾವಕಾರರು ಉಡದಾರದಿಂದ ಕೀಲಿ ಬಿಚ್ಚಿ ಬಾಗಿಲು ತೆಗೆದರು. ಒಳಗೆ ಯಾರೂ ಇರಲಿಲ್ಲ. ಗವಾಕ್ಷಿಯ ಬಿಸಿಲು ನಾಲ್ಕನೇ ಮಗ್ಗದ ಮೇಲೆ ಬಿದ್ದಿತ್ತು. ಶೇವಂತೆವ್ವ ಬಗ್ಗಿ ಹಾಸಿನ ಎಳೆಗಳ ಮೇಲೆ ಬೆರಳಾಡಿಸಿದಳು.

“ನಿನ್ನಿ ಸಂಜೀಕ ಒಂದು ಎಳಿ ಹರದಿತ್ತು. ಹೊತ್ತಾತಂತ ಹಂಗಾ ಬಿಟ್ಟು ಬಂದಿದ್ದೆ.”

ಎಳೆಗೆ ಗಂಟು ಬಿದ್ದಿತ್ತು. ಅದರ ಮುಂದೆ ಒಂದು ಗೇಣು ಹೊಸ ನೇಯ್ಗೆ.

ಗುಲಾಬಸಾಬ ಪಿಸುಮಾತಿನಲ್ಲಿ ಕೇಳಿದ. “ಸಾವಕಾರ್ರ, ಅಮಾಸಿ ದಿನ ದುಡದಾನ. ಪಗಾರ ಯಾರ ಕೈಯಾಗ ಕೊಡ್ತೀರಿ?”

ಈ ಸಲ ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಫಾರ್ಮು ನನ್ನ ಕಿಸೆಯಲ್ಲಿತ್ತು. ಸಾಕ್ಷಿಯ ಜಾಗದಲ್ಲಿ ಅಚ್ಚಾಗಿದ್ದ ಮಾತು ಇಷ್ಟು: ‘ಮೇಲಿನ ಹೆಬ್ಬೆಟ್ಟು ಕರಾರಿನಲ್ಲಿ ಹೆಸರಿಸಿದ ನೇಕಾರನದೇ ಎಂದು ನಾನು ಬಲ್ಲೆ.’ ಬಲ್ಲೆನೇ? ಡಬ್ಬಿ ತೆಗೆದು ಹಿಂದಿನ ವರ್ಷದ ಕರಾರನ್ನು ಪಕ್ಕದಲ್ಲಿಟ್ಟೆ. ಗಡಿಯಾರ ರಿಪೇರಿಯವನ ಹತ್ತಿರ ಭೂತಗನ್ನಡಿ ಇಸಿದುಕೊಂಡು ಬಂದು ನೋಡಿದೆ. ಹಳೆಯ ಹೆಬ್ಬೆಟ್ಟಿನ ಗೆರೆಗಳ ನಡುವೆ ಲಾಳಿಯ ತುದಿ ತಾಗಿ ಆದ ಒಂದು ಓರೆ ಗೀರು ಇತ್ತು. ಹೊಸದರಲ್ಲಿಯೂ ಇತ್ತು, ಅದೇ ಜಾಗದಲ್ಲಿ, ಅಷ್ಟೇ ಉದ್ದ. ಫಾರ್ಮಿನ ಮೇಲೆ ಮುಂಬಯಿಯ ಅಕ್ಟೋಬರ್ ಮೂರನೇ ತಾರೀಖಿನ ಶಿಕ್ಕೆ. ಜೂನ್ ಹದಿನಾಲ್ಕರೊಳಗೆ ಅದರ ಮೇಲೆ ಯಾರೂ ಏನೂ ಒತ್ತಿರಲು ಸಾಧ್ಯವಿರಲಿಲ್ಲ.

ಆದರೆ ಲಾಳಿಯ ಗಾಯ ಯಾವ ನೇಕಾರನಿಗಿಲ್ಲ? ಇನ್ನೊಬ್ಬನ ಬೆರಳಿನಲ್ಲಿಯೂ ಅಂಥದೇ ಗೀರು ಇರಬಹುದಲ್ಲ? ಸಾಕ್ಷಿ ಹಾಕುವವನು ಇಷ್ಟನ್ನಾದರೂ ನೋಡಬೇಡವೇ? ಮರುದಿನದಿಂದ ಮಸಿ ಹಚ್ಚಿದ ಒಂದು ಪಾಟಿ, ಒಂದು ವಹಿ ಹಿಡಿದು ಓಣಿಯ ನೇಕಾರರ ಮನೆಮನೆಗೆ ಹೋಗಿ, “ಅಣ್ಣಾರ, ಒಂಚೂರು ಹೆಬ್ಬೆಟ್ಟು ಒತ್ತತೀರೇನ್ರಿ, ಸುಮ್ಮನ ನೋಡಾಕ” ಎಂದು ಕೇಳತೊಡಗಿದೆ.

ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ, ಮನೆ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳೇ ಆ ಓಣಿಯಲ್ಲಿದ್ದವರು. ಇದು ನನಗೆ ಹೊಳೆಯಬೇಕಾಗಿತ್ತು. ಮೊದಲ ಮನೆಯಲ್ಲಿ ನೀರು ಕೊಟ್ಟರು, ಎರಡನೆಯದರಲ್ಲಿ ಬಾಗಿಲು ಹಾಕಿದರು, ಮೂರನೆಯದರಲ್ಲಿ ನಾಯಿ ಬಿಟ್ಟರು. ಸಂಜೆಯ ಹೊತ್ತಿಗೆ ಓಣಿಯ ಗಂಡಸರೆಲ್ಲ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಓಡಾಡುತ್ತಿದ್ದರು. ಹವಾಲ್ದಾರ ಗೌಸಮೊದ್ದೀನ ಬಂದು ನನ್ನನ್ನು ಚೌಕಿಗೆ ಕರೆದೊಯ್ದ.

“ಖರೇ ಹೇಳು. ಎಷ್ಟು ಮಂದಿ ಆಸ್ತಿ ಬರಸ್ಕೊಂಡಿ?”

ಎಲ್ಲವನ್ನೂ ಹೇಳಿದೆ. ಏಳನೇ ಕಲಮಿನಿಂದ ಹಿಡಿದು ಗೇಣು ನೇಯ್ಗೆಯವರೆಗೆ. ಹವಾಲ್ದಾರ ಮೀಸೆಯ ತುದಿ ಕಚ್ಚಿಕೊಂಡು ಎರಡೂ ಹೆಬ್ಬೆಟ್ಟುಗಳನ್ನು ಭೂತಗನ್ನಡಿಯಲ್ಲಿ ನೋಡಿದ.

“ಸತ್ತವನ ಹೆಬ್ಬೆಟ್ಟು ಅಂದ್ರ ಖೊಟ್ಟಿ ಕಾಗದ. ದೊಡ್ಡ ಗುನ್ಹೆ. ಯಾರು ಒತ್ಯಾರ?”

“ಅದಾ ತಿಳೀವಲ್ದು ಸಾಹೇಬರ. ಬೆರಳು ಅವಂದಾ ಕಾಣತೈತಿ.”

“ಅವನ ಬೆರಳು ಅವನಾ ಒತ್ತಿದ್ರ ಖೊಟ್ಟಿ ಹ್ಯಾಂಗಾತು?”

“ಅವ ಸತ್ತಾನ್ರಿ.”

“ಸತ್ತವ ಸ್ವಂತ ಹೆಬ್ಬೆಟ್ಟು ಒತ್ತಬಾರದು ಅಂತ ಕಾಯದೆ ಎಲ್ಲೈತಿ? ತೋರಸು.”

ಹವಾಲ್ದಾರನಿಗೆ ತನ್ನ ಮಾತಿನಿಂದಲೇ ಮೈ ಜುಮ್ಮೆಂದಿರಬೇಕು; ಕಾಗದವನ್ನು ಎರಡು ಬೆರಳಿನಲ್ಲಿ ಹಿಡಿದು ನನ್ನ ಕಡೆ ತಳ್ಳಿದ. “ಇದು ಈ ಚೌಕಿ ಹದ್ದಿನ್ಯಾಗ ಬರಂಗಿಲ್ಲ. ಒಯ್ಯಿ. ಇದನ್ನ ಇಲ್ಲಿ ಇಡಬ್ಯಾಡ.”

ಅಕ್ಟೋಬರ್ ಇಪ್ಪತ್ತೆಂಟರವರೆಗೆ ಫಾರ್ಮು ಹಾಗೆಯೇ ಇತ್ತು. ಅಷ್ಟರಲ್ಲಿ ಎಲ್ಲರೂ ಬುದ್ಧಿ ಹೇಳಿ ಮುಗಿಸಿದ್ದರು. ಸಾವಕಾರರು ಸಾಕ್ಷಿ ಹಾಕದಿದ್ದರೆ ನೌಕರಿ ಇಲ್ಲವೆಂದರು. ಉಡಚವ್ವ, ಸಾಕ್ಷಿ ಹಾಕಿದರೆ ನನ್ನ ಹೆಸರೂ ಅವರ ಯಾದಿಯಲ್ಲಿ ಸೇರುತ್ತದೆಂದಳು; ಯಾರ ಯಾದಿ ಎಂದು ಕೇಳುವ ಧೈರ್ಯವಾಗಲಿಲ್ಲ. ಗುಲಾಬಸಾಬ ನಾಲ್ಕನೇ ಮಗ್ಗದ ಬುಡದಲ್ಲಿ ದಿನಾ ಒಂದು ಕಪ್ಪು ಚಹ ಇಡುತ್ತಿದ್ದ. ಅದನ್ನು ಬೆಕ್ಕು ಕುಡಿಯುತ್ತಿತ್ತೆಂದು ನನ್ನ ತಿಳುವಳಿಕೆ.

ಇಪ್ಪತ್ತೆಂಟರಂದು ಶೇವಂತೆವ್ವ ಬಂದು ನನ್ನ ಮೇಜಿನ ಮುಂದೆ ನಿಂತಳು. ಬೇಡಿಕೊಳ್ಳುತ್ತಾಳೆಂದು ಅಂದುಕೊಂಡಿದ್ದೆ.

“ತಮ್ಮಾ, ನೀ ಸುಳ್ಳು ಹೇಳಂತ ನಾ ಹೇಳಂಗಿಲ್ಲ. ಆ ಕಾಗದದಾಗ ನಿನಗೇನು ಕೇಳ್ಯಾರ, ಅಷ್ಟ ಓದು.”

ಓದಿದೆ. ಹೆಬ್ಬೆಟ್ಟು ಇವನದೇ ಎಂದು ಬಲ್ಲೆಯಾ ಎಂದು ಕೇಳಿದ್ದರು. ಬದುಕಿದ್ದಾನೆಯೇ ಎಂದು ಕೇಳಿರಲಿಲ್ಲ.

“ಮತ್ತ ಅದು ಯಾರ ಬೆರಳು?” ಎಂದಳು.

“ಮಾದೇವಪ್ಪಣ್ಣಂದು,” ಎಂದೆ. ಬಾಯಿಂದ ಮಾತು ಬಿದ್ದ ಮೇಲೆ ನನಗೇ ತಿಳಿಯಿತು, ಅದರ ಬಗ್ಗೆ ನನಗೆ ಸಂಶಯವಿರಲಿಲ್ಲ.

ಸಾಕ್ಷಿ ಹಾಕಿದೆ. ಆದರೆ ಅಲ್ಲಿಗೇ ಬಿಟ್ಟರೆ ನಾನು ನಾನಲ್ಲ. ಸಹಿಯ ಕೆಳಗೆ, ಅದೇ ಫಾರ್ಮಿನ ಮೇಲೆ, ಸಣ್ಣ ಆದರೆ ಸ್ಪಷ್ಟವಾದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ: ‘ಈ ನೇಕಾರನು ೧೯೬೧ ಜೂನ್ ಹದಿನಾಲ್ಕರಂದು ತೀರಿಕೊಂಡಿದ್ದಾನೆ.’ ಬರೆದದ್ದನ್ನು ಶೇವಂತೆವ್ವನಿಗೆ ಓದಿ ಹೇಳಿದೆ. ಅವಳು, “ಎರಡೂ ಖರೇನಾ ಅದಾವು. ಕಳಸು,” ಎಂದಳು. ಮಗ್ಗಕ್ಕೆ ಹೋಗಿ ಕೂತಳು. ಅಂದು ಅವಳು ನೇಯಲಿಲ್ಲ. ಪಟ್ಟಿಮಾಲೆಯನ್ನು ಕಟ್ಟಿ ಕಳಿಸಬೇಕಾದರೆ ಇರಲೆಂದು ಒಂದು ಹಳೆಯ ಸೀರೆಯನ್ನು ಮಡಿಸಿಟ್ಟುಕೊಂಡು ಕೂತಿದ್ದಳು.

ನವೆಂಬರ್ ಹದಿನೇಳರಂದು ಲಕೋಟೆ ಬಂತು. ನಾಲ್ಕನೇ ಮಗ್ಗದ ಹೊಸ ಕರಾರು, ಹನ್ನೊಂದು ಕಲಮು. ನೇಕಾರರ ಹೆಸರಿನ ಜಾಗದಲ್ಲಿ ‘ಶ್ರೀಮತಿ ಶೇವಂತೆವ್ವ’ ಎಂದು ಟೈಪ್ ಮಾಡಿತ್ತು. ಬೇರೆ ಒಂದು ಮಾತೂ ಇರಲಿಲ್ಲ. ಅವಳು ಹೆಸರಿನ ಜಾಗವನ್ನು ಮೂರು ಸಲ ಓದಿಸಿದಳು, ಯಾವ ಅಕ್ಷರ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿಕೊಂಡಳು. ಆಮೇಲೆ ಮಡಿಸಿಟ್ಟಿದ್ದ ಆ ಹಳೆಯ ಸೀರೆಯನ್ನು ಮಗಳ ಕೈಯಲ್ಲಿ ಕೊಟ್ಟು ಮನೆಗೆ ಕಳಿಸಿ, ಲಾಳಿ ಎತ್ತಿಕೊಂಡಳು.

ಮುಂಬಯಿಯವರು ನನ್ನ ಕೆಳಗಿನ ಸಾಲನ್ನು ಓದಿದರೋ, ಓದಿಯೂ ಸುಮ್ಮನಿದ್ದರೋ, ಅಲ್ಲಿಯೂ ಯಾರೋ ಅದನ್ನು ನೋಡಿ ಬೆರಳಿನಿಂದ ಮುಚ್ಚಿಕೊಂಡು ಮುಂದಕ್ಕೆ ದಾಟಿಸಿದರೋ ನನಗೆ ತಿಳಿಯದು. ಪೋತದಾರರು ಆ ವರ್ಷದ ಕೊನೆಗೆ ನೌಕರಿ ಬಿಟ್ಟರೆಂದು ಕೇಳಿದೆ, ಕಾರಣ ತಿಳಿಯಲಿಲ್ಲ. ಬೀಗ ಹಾಕಿದ ಕಾರಖಾನೆಯೊಳಗೆ ಅವರು ಹೇಗೆ ಹೋದರೆಂದು ಕೇಳಿ ಮೂರು ಪತ್ರ ಬರೆದೆ, ಉತ್ತರ ಬರಲಿಲ್ಲ. ಆ ಸೋಮವಾರ ಮಧ್ಯಾಹ್ನ ಅಲ್ಲಿ ಕೂತು ಎಳೆಗೆ ಗಂಟು ಹಾಕಿದವರು ಯಾರು? ಗೊತ್ತಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ.